ಮೀನು ಫ್ರೈಯಲ್ಲಿ ಕಾರ್ಬ್ ಎಷ್ಟು? ಗುಂಪಿನ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್ · 4:02
ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 7ರವರೆಗೆ ನಮ್ಮ ಡಯಟಿಷಿಯನ್ ಮೇಡಂ ಗುಂಪಿನಲ್ಲಿ ಇರುತ್ತಾರೆ. ಹೋದ ವಾರ ಅನ್ನದ ಬಗ್ಗೆ ಆಯಿತು. ಈ ವಾರ ಜಾಸ್ತಿ ಜನ ಕೇಳಿದ್ದು ಮೀನು ಫ್ರೈ. ಶುಗರ್ ಇರುವವರು ತಿನ್ನಬಹುದಾ, ಅದರಲ್ಲಿ ಕಾರ್ಬೋಹೈಡ್ರೇಟ್ ಎಷ್ಟು, ಇಷ್ಟೇ ವಿಷಯ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ. ಜಗಳ ಬೇಡ.

ಕುಂದಾಪುರದ ಅಕ್ಕ · 4:06
ನಮಸ್ತೆ ಮೇಡಂ. ನನಗೆ ಶುಗರ್ ಬಂದು 6 ವರ್ಷ. ದಿನಾ ಮೀನು ಬೇಕೇ ಬೇಕು. ಒಂದು ಬಂಗುಡೆ ಫ್ರೈಯಲ್ಲಿ ಕಾರ್ಬ್ ಎಷ್ಟು ಅಂತ ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ 0 ಅಂತ ಉಂಟು, ಒಂದು ಕಡೆ 8, ಇನ್ನೊಂದು ಕಡೆ 17. ಯಾವುದನ್ನು ನಂಬುವುದು?

ಡಯಟಿಷಿಯನ್ · 4:15
ಅಕ್ಕ, ಮೂರೂ ನಿಜ ಇರಬಹುದು. ಮೀನಿನ ಮಾಂಸದಲ್ಲಿ ಕಾರ್ಬ್ ಇಲ್ಲ ಅಂತಲೇ ಲೆಕ್ಕ. ಬಂಗುಡೆ, ಬೂತಾಯಿ, ಅಂಜಲ್, ಕಾಣೆ, ಮಾಂಜಿ, ಯಾವುದಾದರೂ ಅಷ್ಟೇ. ಜೀವ ಇರುವಾಗ ಚೂರು ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟ ಸಕ್ಕರೆ, ಇರುತ್ತದೆ. ಬಲೆಯಲ್ಲಿ ಒದ್ದಾಡುವಾಗ ಮತ್ತು ಸತ್ತ ಮೇಲೆ ಅದೂ ಖರ್ಚಾಗಿ ಹೋಗುತ್ತದೆ. ಉಳಿಯುವುದು ಪ್ರೋಟೀನ್, ಕೊಬ್ಬು, ನೀರು.

ಹಾಗಾಗಿ ಫ್ರೈಯಲ್ಲಿ ಕಾರ್ಬ್ ಇದ್ದರೆ ಅದು ಮೀನಿನದ್ದಲ್ಲ, ಮೀನಿಗೆ ತೊಡಿಸಿದ ಅಂಗಿಯದ್ದು. 100 ಗ್ರಾಂ ರವೆಯಲ್ಲಿ ಸುಮಾರು 70 ಗ್ರಾಂ ಕಾರ್ಬ್. ಅಕ್ಕಿ ಹಿಟ್ಟಿನಲ್ಲಿ 80ರ ಹತ್ತಿರ. ಕಾರ್ನ್‌ಫ್ಲೋರ್‌ನಲ್ಲಿ 90ರ ಹತ್ತಿರ.

ನಾನೊಮ್ಮೆ ಮನೆಯಲ್ಲಿ ತೂಗಿಯೇ ನೋಡಿದ್ದೇನೆ. ತಟ್ಟೆಗೆ 60 ಗ್ರಾಂ ರವೆ ಹಾಕಿ, ಮಸಾಲೆ ಹಚ್ಚಿದ 4 ಬಂಗುಡೆಗಳನ್ನು ಎರಡೂ ಬದಿ ಹೊರಳಿಸಿದೆ. ತಟ್ಟೆಯಲ್ಲಿ 36 ಗ್ರಾಂ ಉಳಿಯಿತು. ಅಂದರೆ ಒಂದು ಮೀನಿಗೆ 6 ಗ್ರಾಂ ರವೆ, 4 ಗ್ರಾಂ ಚಿಲ್ಲರೆ ಕಾರ್ಬ್. ಅದರಲ್ಲೂ ಸ್ವಲ್ಪ ಕಾವಲಿಯಲ್ಲೇ ಉದುರಿ ಕರಟಿ ಹೋಯಿತು. ರವೆ ಇಲ್ಲದೆ ಬರೀ ಮೆಣಸು, ಹುಳಿ, ಉಪ್ಪಿನ ಮಸಾಲೆಯಲ್ಲಿ ಕಾಯಿಸಿದರೆ 1 ಗ್ರಾಂ ಆಸುಪಾಸು. ಹೋಟೆಲಿನವರು ಮೈದಾ, ಕಾರ್ನ್‌ಫ್ಲೋರ್ ಕಲಸಿ ದಪ್ಪಕ್ಕೆ ಮುಳುಗಿಸಿ ತೆಗೆದರೆ ನಿಮ್ಮ ಆ 17 ಕೂಡ ಆಗುತ್ತದೆ. ಮನೆಯ ಮೀನಿಗೆ ಹೆದರಬೇಡಿ.

ಕಾರವಾರದ ಹುಡುಗ · 4:18
ಮೇಡಂ, ಅಂಜಲ್ ರವಾ ಫ್ರೈ ಒಂದು ಪೀಸಿಗೆ ಎಷ್ಟು?

ಡಯಟಿಷಿಯನ್ · 4:19
ಮೇಲಿನದೇ ಲೆಕ್ಕ. ಪೀಸು ಅಗಲ ಇದ್ದರೆ 5-6 ಗ್ರಾಂ ಅಂತ ಇಟ್ಟುಕೊಳ್ಳಿ.

ಮಲ್ಪೆ ಬೋಟು · 4:21
ಅಂಜಲ್‌ಗೆ ರವೆ ಹಾಕುವವರನ್ನು ಮೊದಲು ವಿಚಾರಿಸಬೇಕು ಮಾರಾಯ್ರೆ. ಒಳ್ಳೆ ಮೀನಿಗೆ ಯಾರಾದರೂ ರವೆ ಹಾಕುತ್ತಾರಾ? ಹಳೇ ಮೀನು ಮುಚ್ಚಲಿಕ್ಕೆ ಹೋಟೆಲಿನವರು ಮಾಡಿದ ಉಪಾಯ ಅದು.

ಕಾರವಾರದ ಹುಡುಗ · 4:23
ನಮ್ಮ ಕಡೆ ಅಜ್ಜಿ ಕಾಲದಿಂದ ರವೆಯೇ. ಹಳೇ ಮೀನು ತಿನ್ನುವ ಜನ ಅಲ್ಲ ನಾವು.

ಮಲ್ಪೆ ಬೋಟು · 4:24
ಜೂನ್ ತಿಂಗಳಲ್ಲಿ ಎಲ್ಲರೂ ಹಳೇ ಮೀನು ತಿನ್ನುವವರೇ. ಜುಲೈ 31ರವರೆಗೆ ಟ್ರಾಲಿಂಗ್ ರಜೆ, ದೊಡ್ಡ ಬೋಟು ಕಡಲಿಗೆ ಇಳಿಯುವುದಿಲ್ಲ. ನೀವು ತರುವುದು ಐಸಿನ ಮೀನು ಅಲ್ವಾ?

ಮಂಗಳೂರು ಬಾಯಮ್ಮ · 4:26
ಮೇಡಂ, ಕಾಣೆ ಫ್ರೈಯಲ್ಲಿ ಎಷ್ಟು ಕಾರ್ಬ್?

ಡಯಟಿಷಿಯನ್ · 4:27
ಸೊನ್ನೆ. ಅಂಗಿ ನೋಡಿ.

ಮಂಗಳೂರು ಬಾಯಮ್ಮ · 4:28
ಯಾವ ಅಂಗಿ?

ಕುಂದಾಪುರದ ಅಕ್ಕ · 4:28
ಮೇಲೆ ಓದಿ ಬಾಯಮ್ಮ, ಮೇಡಂ ಚಂದ ವಿವರಿಸಿದ್ದಾರೆ.

ಹಾಸನದ ಸೊಪ್ಪು · 4:30
ರವೆ ಬದಲು ಓಟ್ಸ್ ಪುಡಿ ಮಾಡಿ ಹಾಕಿದರೆ ಕಾರ್ಬ್ ಕಡಿಮೆ ಆಗುತ್ತಾ ಮೇಡಂ?

ಸುರತ್ಕಲ್ ಸೊಸೆ · 4:33
ಮೇಡಂ, ಒಂದು ಖುಷಿ ವಿಷಯ ಹೇಳುತ್ತೇನೆ, ಪ್ರಶ್ನೆಯೂ ಉಂಟು. ನಮ್ಮ ಮಾವನಿಗೆ 71 ವರ್ಷ, ಶುಗರ್ 20 ವರ್ಷದಿಂದ. ಹೋದ ವಾರ ಇಲ್ಲಿ ಅನ್ನದ ಬಗ್ಗೆ ಓದಿ, ಮಧ್ಯಾಹ್ನ ಅನ್ನ ಪೂರ್ತಿ ಬಿಡಿಸಿದೆವು. ಬರೀ 2 ಬಂಗುಡೆ ಫ್ರೈ, ರವೆ ಇಲ್ಲದ್ದು, ಮತ್ತೆ ಮುಳ್ಳುಸೌತೆ. ಶುಕ್ರವಾರ ಸಂಜೆ ನೋಡಿದರೆ ಶುಗರ್ 62! ಯಾವಾಗಲೂ 200ರ ಮೇಲೆ ಇರುತ್ತಿತ್ತು. ಹೀಗೇ ಮುಂದುವರಿಸಬಹುದಾ? ಸಂಜೆ ಹೊತ್ತು ಸ್ವಲ್ಪ ಬೆವರುತ್ತಾರೆ, ಕೈ ನಡುಗುತ್ತದೆ, ಸಿಡುಕುತ್ತಾರೆ. ಸೆಕೆಗೆ ಇರಬೇಕು. ಈಗಲೂ ಸುಸ್ತು ಅಂತ ಮಲಗಿದ್ದಾರೆ.

ಡಯಟಿಷಿಯನ್ · 4:34
ಮಾತ್ರೆ ಯಾವುದು? ಹೆಸರು ಓದಿ ಹೇಳಿ. ಇನ್ಸುಲಿನ್ ಉಂಟಾ? ಅವರನ್ನು ಎಬ್ಬಿಸಿ, ಈಗಲೇ ಬೆರಳು ಚುಚ್ಚಿ ನೋಡಿ. ಈಗಲೇ.

ಕಾರವಾರದ ಹುಡುಗ · 4:35
ಐಸ್ ಮೀನು ಅಂತ ಹೀಯಾಳಿಸುವವರು ಬೋಟಿನಲ್ಲಿ ಐಸ್ ಇಲ್ಲದೆ 10 ದಿನ ಮೀನು ಹೇಗೆ ಇಡುತ್ತಾರೆ ಅಂತ ಹೇಳಲಿ.

ಸುರತ್ಕಲ್ ಸೊಸೆ · 4:38
ಇನ್ಸುಲಿನ್ ಇಲ್ಲ. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಬಿಪಿ ಮಾತ್ರೆ ಬೇರೆ. ಈಗ ನೋಡಿದೆ, 58.

ಡಯಟಿಷಿಯನ್ · 4:39
ಎದ್ದು ಕೂತಿದ್ದಾರಾ, ಮಾತಾಡುತ್ತಾರಾ, ನುಂಗಲು ಆಗುತ್ತದಾ? ಆಗುತ್ತದೆ ಅಂದರೆ ಅರ್ಧ ಗ್ಲಾಸ್ ನೀರಿಗೆ 3 ಟೀ ಚಮಚ ಸಕ್ಕರೆ ಕಲಸಿ ಕುಡಿಸಿ. ಹಾಲು ಬೇಡ, ಚಾಕೊಲೇಟ್ ಬೇಡ, ಅವುಗಳ ಕೊಬ್ಬಿನಿಂದ ಸಕ್ಕರೆ ಏರುವುದು ತಡ ಆಗುತ್ತದೆ. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ. ಪ್ರಜ್ಞೆ ಮಂಕಾದರೆ ಬಾಯಿಗೆ ಏನೂ ಹಾಕಬೇಡಿ, ನೇರ ಆಸ್ಪತ್ರೆ. ಬೇರೆಯವರು ಸ್ವಲ್ಪ ಹೊತ್ತು ಸುಮ್ಮನಿರಿ.

ಮಲ್ಪೆ ಬೋಟು · 4:41
ಐಸ್ ಬೇರೆ, ಫ್ರೀಜರ್ ಬೇರೆ ತಮ್ಮಾ.

ಅಡ್ಮಿನ್ · 4:42
ಇಬ್ಬರೂ ದಯವಿಟ್ಟು ನಿಲ್ಲಿಸಿ.

ಮೈಸೂರು ವಾಕಿಂಗ್ · 4:44
ಶುಗರ್ ಇರುವವರಿಗೆ ಸಕ್ಕರೆ ಕೊಡಿ ಅಂತೀರಲ್ಲ ಮೇಡಂ? 3 ಚಮಚ ಅಂದರೆ 300 ಆಗಲ್ವಾ? ಬೆಲ್ಲ ಕೊಟ್ಟರೆ ನೈಸರ್ಗಿಕ ಅಲ್ವಾ?

ಡಯಟಿಷಿಯನ್ · 4:45
ಆಗಲ್ಲ. ಈಗ ಇದು ಔಷಧಿ. ವಾದ ಆಮೇಲೆ.

ಸುರತ್ಕಲ್ ಸೊಸೆ · 4:57
81 ಬಂತು. ಬೆವರು ನಿಂತಿದೆ. ಏನಾಯಿತು ನನಗೆ ಅಂತ ಕೇಳುತ್ತಿದ್ದಾರೆ.

ಡಯಟಿಷಿಯನ್ · 4:58
ಒಳ್ಳೆಯದು. ಈಗ ಹೊಟ್ಟೆಗೆ ಸರಿಯಾಗಿ ಏನಾದರೂ ಕೊಡಿ, ಗಂಜಿ ಇದ್ದರೆ ಗಂಜಿ. ಮಾತ್ರೆ ಕೊಟ್ಟ ಡಾಕ್ಟರಿಗೆ ಫೋನ್ ಮಾಡಿ, ನಾಳೆ ಅಲ್ಲ, ಇವತ್ತೇ. ರಾತ್ರಿಯ ಮಾತ್ರೆ ಕೊಡುವ ಮೊದಲು ಅವರನ್ನು ಕೇಳಲೇಬೇಕು. ಇದೆಲ್ಲ ಮುಗಿಸಿ, ಇನ್ನು 1 ಗಂಟೆ ಬಿಟ್ಟು ಮತ್ತೆ ನೋಡಿ ಇಲ್ಲಿ ಬರೆಯಿರಿ.

ಡಯಟಿಷಿಯನ್ · 5:14
ಈಗ ಎಲ್ಲರಿಗೂ ಹೇಳುತ್ತೇನೆ. ಇವತ್ತು ಒಂದೇ ಒಂದು ಓದುವುದಾದರೆ ಇದನ್ನು ಓದಿ.

62 ಬಂದರೆ ಅದು ಖುಷಿ ವಿಷಯ ಅಲ್ಲ. 70ಕ್ಕಿಂತ ಕೆಳಗೆ ಹೋದರೆ ಅದು ಶುಗರ್ ಕುಸಿತ. ಬೆವರು, ನಡುಕ, ಎದೆ ಡವಡವ, ಸಿಡುಕು, ತಲೆ ಮಂಕು, ಎಲ್ಲ ಅದರದೇ ಗುರುತು. ಸೆಕೆ ಅಲ್ಲ, ಗ್ಯಾಸ್ ಅಲ್ಲ. ಕೆಲವು ಬಿಪಿ ಮಾತ್ರೆಗಳು ನಡುಕವನ್ನೂ ಡವಡವವನ್ನೂ ಮುಚ್ಚಿಬಿಡುತ್ತವೆ, ಬೆವರು ಮಾತ್ರ ಉಳಿಯುತ್ತದೆ. ವಯಸ್ಸಾದವರು ಸಂಜೆ ಸುಮ್ಮನೆ ಬೆವರಿದರೆ ಫ್ಯಾನ್ ಹಾಕುವ ಮೊದಲು ಬೆರಳು ಚುಚ್ಚಿ.

ಅವರ ಮನೆಯಲ್ಲಿ ಆದದ್ದು ಇಷ್ಟು. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹಿಂಡಿ ತೆಗೆಯುತ್ತದೆ. ನೀವು ಉಂಡಿರೋ ಇಲ್ಲವೋ ಅಂತ ಅದು ಕೇಳುವುದಿಲ್ಲ. ಡಾಕ್ಟರ್ ಆ ಡೋಸ್ ಬರೆದಾಗ ಇವರು ಮಧ್ಯಾಹ್ನ ಅನ್ನ ಉಣ್ಣುತ್ತಿದ್ದರು. ಬೆಂದ ಅನ್ನ 100 ಗ್ರಾಮಿಗೆ ಸುಮಾರು 28 ಗ್ರಾಂ ಕಾರ್ಬ್. ತಟ್ಟೆಯಲ್ಲಿ 200 ಗ್ರಾಂ ಅನ್ನ ಇದ್ದರೆ 56. ಆ 56 ತೆಗೆದು ಮೀನು ಇಟ್ಟಿರಿ. ಅಂಗಿ ಇಲ್ಲದ ಮೀನು, ಕಾರ್ಬ್ ಸೊನ್ನೆ. ಮಾತ್ರೆ ಮಾತ್ರ ಹಾಗೇ ಉಳಿಯಿತು. ಇನ್ಸುಲಿನ್ ಕಾದು ಕೂತಿದೆ, ಬರುವ ಸಕ್ಕರೆ ಇಲ್ಲ. ಪ್ರೋಟೀನಿನಿಂದ ದೇಹ ಸಕ್ಕರೆ ಮಾಡಿಕೊಳ್ಳುತ್ತದೆ, ಆದರೆ ನಿಧಾನ. ಆ ವೇಗ ಇಲ್ಲಿ ಸಾಲುವುದಿಲ್ಲ.

ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಹೀಗಾಗುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಾಮೈಡ್, ಅಥವಾ ಇನ್ಸುಲಿನ್ ಇದ್ದವರಿಗೆ ಆಗುತ್ತದೆ. ನಿಮ್ಮ ಸ್ಟ್ರಿಪ್ ಹಿಂದೆ ಈ ಹೆಸರು ಇದೆಯಾ ನೋಡಿ. ಗ್ಲಿಮೆಪಿರೈಡಿನ ಪ್ರಭಾವ ದಿನವಿಡೀ ಇರುತ್ತದೆ, ಕಿಡ್ನಿ ಮಂದ ಇದ್ದರೆ ಇನ್ನೂ ಹೆಚ್ಚು ಹೊತ್ತು. ಅದಕ್ಕೇ ಒಮ್ಮೆ 81 ಬಂತು ಅಂತ ಬಿಡಬಾರದು, ರಾತ್ರಿ ಮತ್ತೆ ಇಳಿಯಬಹುದು. ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ಕೊನೆಗೆ ಯಾವಾಗ ನೋಡಿಸಿದಿರಿ, ಅದನ್ನೂ ಡಾಕ್ಟರಿಗೆ ಹೇಳಿ.

ಅನ್ನ ಕಡಿಮೆ ಮಾಡುವುದು ತಪ್ಪಲ್ಲ. ಡಾಕ್ಟರಿಗೆ ಹೇಳದೆ ಮಾಡುವುದು ತಪ್ಪು. ಹೋದ ವಾರ ನಾನು ಬರೆದದ್ದು "ಒಂದು ಸೌಟು ಕಡಿಮೆ ಮಾಡಿ" ಅಂತ, ಪೂರ್ತಿ ಬಿಡಿ ಅಂತ ಅಲ್ಲ. ಆದರೂ ಮಾತ್ರೆಯ ಮಾತನ್ನು ಅವತ್ತೇ ಜೊತೆಗೆ ಸೇರಿಸಬೇಕಿತ್ತು. ಅದು ನನ್ನ ತಪ್ಪು.

ಕುಂದಾಪುರದ ಅಕ್ಕ · 5:17
ಅಯ್ಯೋ ದೇವರೇ, ನನ್ನದೂ ಗ್ಲಿಮೆಪಿರೈಡ್. ನಾನು ಅನ್ನ ಬಿಡುವುದಿಲ್ಲಪ್ಪ.

ಹಾಸನದ ಸೊಪ್ಪು · 5:19
ಓಟ್ಸ್ ಪುಡಿ ಬಗ್ಗೆ ಕೇಳಿದ್ದೆ ಮೇಡಂ.

ಬೆಂಗಳೂರು ಟೆಕ್ಕಿ · 5:20
ಏರ್ ಫ್ರೈಯರ್‌ನಲ್ಲಿ ಮಾಡಿದರೆ ಕಾರ್ಬ್ ಇಳಿಯುತ್ತಾ?

ಡಯಟಿಷಿಯನ್ · 5:21
ಎಣ್ಣೆ ಇಳಿಯುತ್ತದೆ. ಕಾರ್ಬ್ ಹಾಗೇ ಇರುತ್ತದೆ.

ಬೆಂಗಳೂರು ಟೆಕ್ಕಿ · 5:21
ಯಾವ ಕಂಪನಿಯದು ತಗೊಳ್ಳಲಿ?

ಉಡುಪಿ ಲೆಡ್ಜರ್ · 5:24
ಮೇಡಂ, ಬ್ಯಾಂಕಿನಲ್ಲಿ 34 ವರ್ಷ ಇದ್ದವನು, ಬರೆದಿಡುವ ಅಭ್ಯಾಸ. ಊಟ ಆಗಿ 2 ಗಂಟೆಗೆ ನೋಡುವ ಶುಗರ್ ನನಗೆ ವಾರವಿಡೀ 160-170. ಸೋಮವಾರ ಮಾತ್ರ 210ರ ಮೇಲೆ. 5 ಸೋಮವಾರ ಹೀಗೇ ಆಯಿತು. ಸೋಮವಾರ ನಮ್ಮಲ್ಲಿ ಮೀನು ಇಲ್ಲ. ಹಾಗಾದರೆ ಮೀನು ಫ್ರೈ ಶುಗರ್ ಇಳಿಸುತ್ತದೆ ಅಂತ ತಿಳಿಯಬಹುದಾ?

ಡಯಟಿಷಿಯನ್ · 5:33
ಇದು ಒಳ್ಳೆ ಪ್ರಶ್ನೆ. ಇಷ್ಟು ಚೊಕ್ಕ ಲೆಕ್ಕ ಇಟ್ಟವರು ನನಗೆ ಕಡಿಮೆ ಸಿಗುತ್ತಾರೆ. ಮೊದಲು ಹೇಳಿ, ಸೋಮವಾರ ಊಟಕ್ಕೆ ಏನೇನು? ಅನ್ನ ಎಷ್ಟು ಸೌಟು?

ಉಡುಪಿ ಲೆಡ್ಜರ್ · 5:37
ತೊವ್ವೆ, ಸಾರು, ಪಲ್ಯ, ಹಪ್ಪಳ, ಮಜ್ಜಿಗೆ. ಅನ್ನ ಬೇರೆ ದಿನ 2 ಸೌಟು. ಸೋಮವಾರ ಸಾರಿಗೆ 2, ಮಜ್ಜಿಗೆಗೆ ಇನ್ನೊಂದು. ಕೆಲವೊಮ್ಮೆ ತೊವ್ವೆಗೂ ಒಂದು.

ಡಯಟಿಷಿಯನ್ · 5:45
ಅಲ್ಲಿಗೆ ಲೆಕ್ಕ ತಾಳೆ ಆಯಿತು ಸರ್. ನಮ್ಮ ಮನೆಯ ಸೌಟಿಗೆ 80 ಗ್ರಾಂ ಅನ್ನ ಹಿಡಿಯುತ್ತದೆ. 2 ಸೌಟು ಹೆಚ್ಚಾದರೆ 160 ಗ್ರಾಂ, 45 ಗ್ರಾಂ ಕಾರ್ಬ್. ಮೀನು ಇದ್ದ ದಿನ ಮೀನೇ ಹೊಟ್ಟೆ ತುಂಬಿಸುತ್ತದೆ. ಅದರ ಪ್ರೋಟೀನು, ಕೊಬ್ಬು ಸೇರಿ ಅನ್ನ ಜೀರ್ಣ ಆಗುವುದನ್ನೂ ಸ್ವಲ್ಪ ನಿಧಾನ ಮಾಡುತ್ತವೆ. ಸೋಮವಾರ ಅಡ್ಡ ಹಾಕುವವರು ಯಾರೂ ಇಲ್ಲ. ಮೀನು ಶುಗರ್ ಇಳಿಸಲಿಲ್ಲ, ಅನ್ನದ ಸೌಟನ್ನು ತಡೆಯಿತು ಅಷ್ಟೇ. ಮುಂದಿನ ಸೋಮವಾರ 2 ಸೌಟಿಗೆ ನಿಲ್ಲಿಸಿ, ಕಡಲೆ ಉಸಲಿಯೋ 2 ಮೊಟ್ಟೆಯೋ ಇಟ್ಟುಕೊಂಡು ಬರೆದಿಡಿ. ಮೊಟ್ಟೆಯೂ ಸೋಮವಾರ ನಡೆಯದಿದ್ದರೆ ಉಸಲಿ. ನನಗೂ ಆ ಲೆಕ್ಕ ನೋಡಬೇಕು.

ಮೈಸೂರು ವಾಕಿಂಗ್ · 5:47
ಕೊಬ್ಬರಿ ಎಣ್ಣೆಯಲ್ಲಿ ಕರಿದರೆ ಶುಗರ್ ಏರಲ್ಲ ಅಂತ ಓದಿದ್ದೆ.

ಮಂಗಳೂರು ಬಾಯಮ್ಮ · 5:48
ಸತ್ಯ. ನಮ್ಮ ಹಿರಿಯರು ತೆಂಗಿನೆಣ್ಣೆಯೇ, 90 ವರ್ಷ ಬದುಕಿದರು.

ಬೆಂಗಳೂರು ಟೆಕ್ಕಿ · 5:49
ಅವರು ಗದ್ದೆಯಲ್ಲಿ ದುಡಿದರು ಆಂಟಿ, ಎಣ್ಣೆಯಿಂದ ಬದುಕಿದ್ದಲ್ಲ.

ಮಂಗಳೂರು ಬಾಯಮ್ಮ · 5:50
ಆಂಟಿ ಯಾರಪ್ಪ ನಿನಗೆ?

ಡಯಟಿಷಿಯನ್ · 5:51
ಎಣ್ಣೆ ಯಾವುದಾದರೂ ಕಾರ್ಬ್ ಸೊನ್ನೆ. ಒಂದು ದೊಡ್ಡ ಚಮಚಕ್ಕೆ 120 ಕ್ಯಾಲೊರಿ, ಅದೂ ಯಾವುದಾದರೂ. ರವೆ ಹಾಕಿದ ಮೀನು ಎಣ್ಣೆ ಜಾಸ್ತಿ ಕುಡಿಯುತ್ತದೆ, ಚಿಂತೆ ಮಾಡುವುದಾದರೆ ಅದಕ್ಕೆ ಮಾಡಿ. ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿಯಬೇಡಿ.

ಕಾಸರಗೋಡು ಮರುವಾಯಿ · 5:53
ಮರುವಾಯಿ, ಪಚ್ಚಿಲೆ ಚಿಪ್ಪುಮೀನಿಗೂ, ಬೊಂಡಾಸ್‌ಗೂ (ಸ್ಕ್ವಿಡ್) ಸೊನ್ನೆಯಾ?

ಡಯಟಿಷಿಯನ್ · 5:55
ಇಲ್ಲ, ಇವು ಬೇರೆ ಜಾತಿ. ಚಿಪ್ಪಿನೊಳಗಿನ ಜೀವಿಗಳು ಗ್ಲೈಕೋಜನ್ ಕೂಡಿಟ್ಟಿರುತ್ತವೆ. ಮರುವಾಯಿ, ಪಚ್ಚಿಲೆಯಲ್ಲಿ 100 ಗ್ರಾಮಿಗೆ 3-4 ಗ್ರಾಂ, ಬೊಂಡಾಸಿನಲ್ಲಿ 3ರ ಹತ್ತಿರ. ತಿನ್ನಿ, ತೊಂದರೆ ಇಲ್ಲ.

ಸುರತ್ಕಲ್ ಸೊಸೆ · 5:59
ಮೇಡಂ, ಗಂಜಿ ಉಂಡರು. ಈಗ 134. ಡಾಕ್ಟರ್ ಫೋನ್ ಎತ್ತಿದರು. ರಾತ್ರಿಯ ಮಾತ್ರೆ ಇವತ್ತು ಬೇಡ, ಮಲಗುವ ಮೊದಲು ಮತ್ತು ನಡುರಾತ್ರಿ 2ಕ್ಕೆ ನೋಡಿ, ನಾಳೆ ಬೆಳಿಗ್ಗೆ ಕರೆದುಕೊಂಡು ಬನ್ನಿ ಅಂದರು. ಅನ್ನ ಬಿಡಿಸಿದ್ದು ಯಾಕೆ ಹೇಳಲಿಲ್ಲ ಅಂತ ಬೈದರು.

ಡಯಟಿಷಿಯನ್ · 6:00
ಬೈಯಲಿ. ಅಲಾರಾಂ ಇಡಿ.

ಶಿವಮೊಗ್ಗದ ಮೇಷ್ಟ್ರು · 6:04
*ಫಾರ್ವರ್ಡ್* ರೋಹು ಅಥವಾ ಕಾಟ್ಲಾ ಮೀನಿನ ಹಸಿ ಪಿತ್ತಕೋಶ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಿದರೆ ಹಳೇ ಶುಗರ್ ಬುಡಸಮೇತ ಹೋಗುತ್ತದೆ. ಹಾಗಲಕಾಯಿಗಿಂತ ಕಹಿ, ಆದ್ದರಿಂದ ಹೆಚ್ಚು ಶಕ್ತಿ. ಎಲ್ಲರಿಗೂ ಕಳಿಸಿ, ಪುಣ್ಯ ಬರುತ್ತದೆ.

ಡಯಟಿಷಿಯನ್ · 6:09
ಅಡ್ಮಿನ್, ಇದನ್ನು ಅಳಿಸಿ. ಮೇಷ್ಟ್ರೇ, ಇದನ್ನು ಎಷ್ಟು ಜನರಿಗೆ ಕಳಿಸಿದ್ದೀರೋ ಅಷ್ಟೂ ಜನರಿಗೆ ನನ್ನ ಈ ಮಾತನ್ನೂ ಕಳಿಸಿ.

ರೋಹು, ಕಾಟ್ಲಾ, ಹುಲ್ಲುಗೆಂಡೆ, ಈ ಜಾತಿ ಮೀನುಗಳ ಪಿತ್ತ ವಿಷ. ನುಂಗಿದ ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ, ಹೊಟ್ಟೆ ನೋವು. ಅದು ನಿಂತು, ವಾಸಿ ಆಯಿತು ಅಂದುಕೊಳ್ಳುವಷ್ಟರಲ್ಲಿ, 2-3 ದಿನಕ್ಕೆ ಮೂತ್ರ ಕಡಿಮೆ ಆಗುತ್ತದೆ. ಕಿಡ್ನಿ ಕೈಕೊಟ್ಟಿರುತ್ತದೆ, ಲಿವರಿಗೂ ಪೆಟ್ಟು. ಡಯಾಲಿಸಿಸ್‌ವರೆಗೆ ಹೋದವರು ನಮ್ಮ ದೇಶದಲ್ಲೇ ಇದ್ದಾರೆ, ಹಲವರು ಇದೇ ಶುಗರ್ ಆಸೆಗೆ ನುಂಗಿದವರು. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಯಾರಾದರೂ ಈಗಾಗಲೇ ನುಂಗಿದ್ದರೆ, ಆರಾಮಾಗಿದ್ದರೂ ಸರಿ, ಇವತ್ತೇ ಆಸ್ಪತ್ರೆಗೆ ಹೋಗಿ ಕಿಡ್ನಿ, ಲಿವರ್ ಟೆಸ್ಟ್ ಮಾಡಿಸಿ. ಮೀನು ಸೀಳುವಾಗ ಮನೆಯವರು ಆ ಹಸಿರು ಚೀಲವನ್ನು ಒಡೆಯದ ಹಾಗೆ ಕಿತ್ತು ಎಸೆಯುತ್ತಾರಲ್ಲ, ಸುಮ್ನೆ ಅಲ್ಲ.

ಶಿವಮೊಗ್ಗದ ಮೇಷ್ಟ್ರು · 6:14
ನಾನು ಒಳ್ಳೆಯ ಮನಸ್ಸಿನಿಂದ ಕಳಿಸಿದ್ದು. ನಮ್ಮ ಹಳೇ ವೈದ್ಯ ಎಲ್ಲ ಸುಳ್ಳು, ಇಂಗ್ಲಿಷ್ ಮಾತ್ರೆ ಮಾತ್ರ ಸತ್ಯ ಅಂತ ಆಯಿತಲ್ಲ. ಆ ಮಾತ್ರೆಯಿಂದಲೇ ತಾನೇ ಸುರತ್ಕಲ್ಲಿನವರು ಬಿದ್ದದ್ದು?

ಡಯಟಿಷಿಯನ್ · 6:16
ಮಾತ್ರೆಗೆ ಡೋಸ್ ಉಂಟು, ಬರೆದವರ ಫೋನ್ ನಂಬರ್ ಉಂಟು. ನಿಮ್ಮ ಫಾರ್ವರ್ಡ್ ಬರೆದವರ ನಂಬರ್ ಕೊಡಿ.

ಕಾರವಾರದ ಹುಡುಗ · 6:17
😂

ಶಿವಮೊಗ್ಗದ ಮೇಷ್ಟ್ರು · 6:18
ನಗುವವರ ವಯಸ್ಸೆಷ್ಟು? 40 ವರ್ಷ ಪಾಠ ಮಾಡಿದ್ದೇನೆ.

ಮೈಸೂರು ವಾಕಿಂಗ್ · 6:20
ಹಾಗಾದರೆ ಅಮೃತಬಳ್ಳಿ ಕಷಾಯ ಕುಡಿಯಬಹುದಾ? ಮತ್ತೆ ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತಾ?

ಡಯಟಿಷಿಯನ್ · 6:23
ಮೀನು, ಹಾಲಿನಿಂದ ತೊನ್ನು ಬರುವುದಿಲ್ಲ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ದಿನಾ ಕುಡಿಯುತ್ತಿದ್ದರೆ ನಿಮ್ಮ ಡಾಕ್ಟರಿಗೆ ಹೇಳಿ. ಇವತ್ತಿನ ವಿಷಯ ಇದಲ್ಲ.

ತುಮಕೂರು ಶುದ್ಧ · 6:26
ಇದು ಶುಗರ್ ಗುಂಪೋ ಮೀನು ಮಾರ್ಕೆಟ್ಟೋ? ಸಸ್ಯಾಹಾರಿಗಳೂ ಇದ್ದೇವೆ. ಸಂಜೆಯಿಂದ ಬರೀ ಇದೇ ವಾಸನೆ.

ಮಲ್ಪೆ ಬೋಟು · 6:27
ಮೊಬೈಲಿನಲ್ಲಿ ವಾಸನೆ ಬರುತ್ತದಾ ಸ್ವಾಮಿ? ಒಳ್ಳೆ ಫೋನು.

ತುಮಕೂರು ಶುದ್ಧ · 6:28
ಹೀಗೆ ಮಾತಾಡುವವರ ಜೊತೆ ಇರಲಾರೆ. ಮುಂದಿನ ವಾರ ಹಾಗಲಕಾಯಿ ಇಡಿ.

ಕಾರವಾರದ ಹುಡುಗ · 6:29
ಬೋಟಣ್ಣ, ಮೊದಲ ಸಲ ನಿಮ್ಮ ಮಾತು ಒಪ್ಪಿದೆ.

ಬೆಂಗಳೂರು ಟೆಕ್ಕಿ · 6:31
ಪ್ಯಾಕೆಟ್ ಫಿಶ್ ಫಿಂಗರ್ ಮಕ್ಕಳಿಗೆ ಕೊಡಬಹುದಾ? ಅದರಲ್ಲಿ ಎಷ್ಟು?

ಡಯಟಿಷಿಯನ್ · 6:32
100 ಗ್ರಾಮಿಗೆ 15-20 ಗ್ರಾಂ ಸಾಮಾನ್ಯ. ಪ್ಯಾಕೆಟ್ ಹಿಂದೆ ಓದಿ. ಒಂದು ಪೀಸಿನ ಲೆಕ್ಕ ಕೊಟ್ಟು ಕಡಿಮೆ ತೋರಿಸಿರುತ್ತಾರೆ, 100 ಗ್ರಾಮಿನ ಸಾಲು ನೋಡಿ.

ದಾವಣಗೆರೆ ಮಂಡಕ್ಕಿ · 6:35
ಈಗ ಸೇರಿದೆ. ಬಂಗುಡೆ ಫ್ರೈಯಲ್ಲಿ ಕಾರ್ಬ್ ಎಷ್ಟು ಮೇಡಂ?

ಡಯಟಿಷಿಯನ್ · 6:35
ಮೇಲೆ.

ದಾವಣಗೆರೆ ಮಂಡಕ್ಕಿ · 6:36
ಮೇಲೆ ಅಂದರೆ? ಕೇಳಿದ್ದಕ್ಕೆ ಉತ್ತರ ಕೊಡಲು ಇಷ್ಟು ಗರ್ವ ಯಾಕೆ?

ಕುಂದಾಪುರದ ಅಕ್ಕ · 6:38
ಹ್ವಾಯ್, ಮೇಡಂ ಎರಡೂವರೆ ಗಂಟೆಯಿಂದ ಕೂತಿದ್ದಾರೆ, ದುಡ್ಡಿಲ್ಲದೆ. ಬೆರಳು ಮೇಲೆ ಸರಿಸಿ ಓದಲಿಕ್ಕೆ ಆಗುವುದಿಲ್ಲವಾ?

ಅಡ್ಮಿನ್ · 6:40
ಸಾಕು. ಕಮೆಂಟ್ ನಿಲ್ಲಿಸುತ್ತಿದ್ದೇನೆ. ಸುರತ್ಕಲ್ಲಿನವರಿಗೆ ಮತ್ತು ಮೇಡಂಗೆ ಮಾತ್ರ ತೆರೆದಿರುತ್ತದೆ.

ಹಾಸನದ ಸೊಪ್ಪು · 6:40
ಓಟ್ಸ್

ಸುರತ್ಕಲ್ ಸೊಸೆ · 10:12
ಮಲಗುವ ಮೊದಲು 142. ಅರ್ಧ ತಟ್ಟೆ ಅನ್ನ, ಒಂದು ಬಂಗುಡೆ ತಿಂದರು. ರವೆ ಹಾಕು ಅಂದರು, ಹಾಕಿದೆ.

ಡಯಟಿಷಿಯನ್ · 10:15
ಸರಿ. 2 ಗಂಟೆಯದ್ದೂ ಬರೆಯಿರಿ. ನಾನು ಬೆಳಿಗ್ಗೆ ನೋಡುತ್ತೇನೆ.

ಸುರತ್ಕಲ್ ಸೊಸೆ · 2:04
118. ಎಬ್ಬಿಸಿದ್ದಕ್ಕೆ ಬೈದರು.